ತಣ್ಣನೆ ಕೈಯವಳು

ಆ ಬೇಕರಿಯಲ್ಲಿ ಕೆಲಸಕ್ಕೆ ಸೇರಿಸಿಕೊಳ್ಳುವಾಗ ಮುಖ ನೋಡುತ್ತಿರಲಿಲ್ಲ, ಕೈ ಹಿಡಿದು ನೋಡುತ್ತಿದ್ದರು. ಕೈ ಬೆಚ್ಚಗಿದ್ದರೆ ಬ್ರೆಡ್ಡಿನ ಕಡೆಗೆ, ತಣ್ಣಗಿದ್ದರೆ ಕೇಕಿನ ಕಡೆಗೆ. ಬೆಚ್ಚನೆಯ ಕೈಗೆ ಹಿಟ್ಟು ಬೇಗ ಒಲಿಯುತ್ತದೆ. ಅದೇ ಕೈ ಕ್ರೀಮಿನ ಹತ್ತಿರ ಹೋದರೆ ಗುಲಾಬಿ ಹೂವು ಎಸಳು ಬಿಡುವ ಮೊದಲೇ ಕರಗಿ ಕೂರುತ್ತದೆ. ಮೊದಲ ದಿನ ಯಜಮಾನಿ ಅವಳ ಕೈಯನ್ನು ತಮ್ಮ ಎರಡು ಕೈಗಳ ನಡುವೆ ಇಟ್ಟುಕೊಂಡು, "ಏನಮ್ಮ ಇದು, ಈಗ ತಾನೇ ಬಾವಿಯಿಂದ ಸೇದಿದ ಹಾಗಿದೆ. ಇಂಥದ್ದನ್ನೇ ಹುಡುಕ್ತಿದ್ದೆ" ಎಂದಿದ್ದರು. ಅಂದಿನಿಂದ ಅವಳು ಎಲ್ಲರಿಗೂ ಐಸಕ್ಕ. ಆಮೇಲೆ ಯಜಮಾನಿಯ ಮಗ, ಭಟ್ಟಿಯ ಮುಂದೆ ನಿಲ್ಲುವವನು, ಸಕ್ಕರೆ ಇದೆಯಾ, ಚಾಕು ಇದೆಯಾ ಎಂದು ಇಲ್ಲದ ನೆಪ ಹಿಡಿದು ಕ್ರೀಮ್ ಕೋಣೆಗೆ ಬರತೊಡಗಿದ. ಮದುವೆಯಾಯಿತು, ಯಜಮಾನಿ ಅತ್ತೆಯಾದರು. ಐಸಕ್ಕ ಎಂಬ ಹೆಸರು ಮಾತ್ರ ಹಾಗೆಯೇ ಉಳಿಯಿತು.

ಮಗು ಹುಟ್ಟಿದ ದಿನ ಆಸ್ಪತ್ರೆಯಲ್ಲಿ ಅವಳು ಮೊದಲ ಸಲ ಅದರ ಬೆನ್ನ ಮೇಲೆ ಕೈಯಿಟ್ಟಾಗ, ಮಗು ಬೆಚ್ಚಿಬಿದ್ದು ಎರಡೂ ತೋಳು ಅಗಲಿಸಿ ಕಿಟಾರನೆ ಕಿರುಚಿತು.

"ಅಮ್ಮನ ಕೈ ತಣ್ಣಗಿದೆ ಅಂತ ದೂರು ಹೇಳ್ತಿದಾಳೆ" ಎಂದು ನರ್ಸ್ ನಕ್ಕಳು.

ಅತ್ತೆ ಎತ್ತಿಕೊಂಡರು. ಮಗು ಸುಮ್ಮನಾಯಿತು. ಎಲ್ಲರೂ ನಕ್ಕರು, ಐಸಕ್ಕನೂ ನಕ್ಕಳು. ಮನೆಗೆ ಬರುವಷ್ಟರಲ್ಲಿ ಆ ನಗು ಅವಳಲ್ಲಿ ಉಳಿದಿರಲಿಲ್ಲ.

ಮನೆಯಿದ್ದದ್ದು ಬೇಕರಿಯ ಮೇಲಿನ ಮಹಡಿಯಲ್ಲಿ. ಅವಳಿಗೂ ಮಗುವಿಗೂ ಕೊಟ್ಟ ಕೋಣೆ ಸರಿಯಾಗಿ ಭಟ್ಟಿಯ ನೆತ್ತಿಯ ಮೇಲಿತ್ತು. ಹೊರಗೆ ಹಲ್ಲು ಕಟಕಟಿಸುವ ಚಳಿಗಾಲವಾದರೂ ಹೊಗೆಕೊಳವೆ ಗೋಡೆಯೊಳಗಿಂದ ಹಾದುಹೋಗುತ್ತಿದ್ದುದರಿಂದ ಆ ಕೋಣೆಯ ನೆಲ ಕೂಡ ಬರಿಗಾಲಿಗೆ ಬೆಚ್ಚಗೆ ತಾಗುತ್ತಿತ್ತು. ಅದು ಅತ್ತೆಯ ಕೋಣೆ. ಅದನ್ನು ಬಿಟ್ಟುಕೊಟ್ಟು ಅವರು ಹಿಂಬದಿಯ ಥಂಡಿ ಕೋಣೆಗೆ ಹಾಸಿಗೆ ಸಾಗಿಸಿದ್ದರು. ಕೌಂಟರಿನಲ್ಲಿ ಕೂರುವ ಚಿಕ್ಕಮ್ಮ, ಎಂದರೆ ಅತ್ತೆಯ ತಂಗಿ, ಅಂಗಡಿ ಬಾಗಿಲಿನ ಗಂಟೆಗೆ ಹಳೆಯ ಬಟ್ಟೆ ಸುತ್ತಿಟ್ಟಿದ್ದರು. ಬ್ರೆಡ್ಡು ಒಯ್ಯಲು ಬರುವ ವ್ಯಾನಿನವನು ಬೀದಿಯ ತಿರುವಿನಲ್ಲೇ ಎಂಜಿನ್ ಆರಿಸಿ, ಇಳಿಜಾರಿನಲ್ಲಿ ವ್ಯಾನನ್ನು ಸದ್ದಿಲ್ಲದೆ ಉರುಳಿಸಿಕೊಂಡು ಬರುತ್ತಿದ್ದ. ಇದನ್ನು ಯಾರೂ ಆಡಿ ತೋರಿಸುತ್ತಿರಲಿಲ್ಲ. ಇಷ್ಟೆಲ್ಲ ಮಾಡಿದರೂ ತನಗೆ ನಿದ್ದೆ ಹತ್ತುತ್ತಿಲ್ಲವಲ್ಲ ಎಂಬುದು ಐಸಕ್ಕನಿಗೆ ಇನ್ನೊಂದು ಸಂಕಟವಾಯಿತು.

ಬಿಡುವಾದಾಗಲೆಲ್ಲ ಒಬ್ಬರಲ್ಲ ಒಬ್ಬರು ಮೆಟ್ಟಿಲು ಹತ್ತಿ ಬರುತ್ತಿದ್ದರು. ಗಂಡ ಭಟ್ಟಿಯಿಂದ ಬ್ರೆಡ್ಡು ಇಳಿಸಿ, ಕೈ ಕೊಡವಿಕೊಂಡು ನೇರ ತೊಟ್ಟಿಲ ಹತ್ತಿರ ಬರುತ್ತಿದ್ದ. ಹುಟ್ಟಿದಾಗ ದುಂಡಗೆ ಹೊಳೆಯುತ್ತಿದ್ದುದರಿಂದ ಮಗುವಿಗೆ ಬನ್ನು ಎಂದು ಹೆಸರು ಬಿದ್ದಿತ್ತು.

"ಏನಮ್ಮ ಬನ್ನು, ಸಮಾಚಾರ?" ಎನ್ನುತ್ತ ಬೆರಳ ಹಿಂಬದಿಯಿಂದ ಕೆನ್ನೆ ಮುಟ್ಟುತ್ತಿದ್ದ. "ಏ, ತಣ್ಣಗಿದಾಳಲ್ಲೇ" ಎಂದು ಹೊದಿಕೆಯನ್ನು ಗಲ್ಲದವರೆಗೆ ಎಳೆಯುತ್ತಿದ್ದ. ಅವನು ಇಳಿದುಹೋದ ಮೇಲೆ ಅತ್ತೆ ಬರುತ್ತಿದ್ದರು. ಅವರು ಹೊದಿಕೆಯ ಕೆಳಗೆ ಕೈ ತೂರಿಸಿ ಪಾದ ಹುಡುಕಿ, "ಕಾಲು ನೋಡು, ಕಲ್ಲಿನ ಹಾಗೆ" ಎಂದು ಕಾಲುಚೀಲದ ಮೇಲೆ ಇನ್ನೊಂದು ಕಾಲುಚೀಲ ಏರಿಸುತ್ತಿದ್ದರು. ಟೋಪಿ, ಉಣ್ಣೆಯ ಅಂಗಿ, ಅದರ ಮೇಲೆ ಫ್ಲಾನೆಲ್, ಅದರ ಮೇಲೆ ರಗ್ಗು. ದಿನದ ಕೊನೆಗೆ ತೊಟ್ಟಿಲಲ್ಲಿ ಮಗು ಎಲ್ಲಿದೆ ಎಂದು ಹುಡುಕಿ ನೋಡಬೇಕಿತ್ತು.

"ಅತ್ತೆ, ನನಗೆ ಮುಟ್ಟಿದರೆ ಬಿಸಿ ಅನ್ನಿಸುತ್ತೆ."

"ನಿನ್ನ ಕೈಗೆ ಯಾವುದಮ್ಮ ಬಿಸಿ ಅನ್ನಿಸಲ್ಲ? ನಿನಗೆ ತಣ್ಣೀರೂ ಟೀ ಥರಾನೇ."

ಅದು ನಿಜವೇ ಆಗಿತ್ತು. ಚಿಕ್ಕಂದಿನಿಂದಲೂ ಯಾರ ಹಣೆ ಮುಟ್ಟಿದರೂ ಅವಳಿಗೆ ಜ್ವರ ಬಂದ ಹಾಗೇ ತೋರುತ್ತಿತ್ತು. ತಾಯಿ ಬೇಗ ತೀರಿಕೊಂಡು ಅಣ್ಣನ ಮನೆಯಲ್ಲಿ ಬೆಳೆದವಳು. ಇದು ಸರಿ, ಇದು ತಪ್ಪು ಎಂದು ಪಕ್ಕಕ್ಕೆ ಕರೆದು ಹೇಳಲು ಅವಳ ಕಡೆಯವರು ಯಾರೂ ಇರಲಿಲ್ಲ. ಇಲ್ಲಿರುವವರೆಲ್ಲ ತಿಳಿದವರು. ಅವರೆಲ್ಲ ಒಂದೇ ಮಾತು ಹೇಳುತ್ತಿರುವಾಗ ತನ್ನ ಕೈಯನ್ನು ಅವಳು ನಂಬುವುದಾದರೂ ಹೇಗೆ?

ಅವಳು ಕೈ ಬೆಚ್ಚಗೆ ಮಾಡಿಕೊಳ್ಳುವ ದಾರಿ ಹುಡುಕಿದಳು. ಟೀ ಕುಡಿಯದೆ, ಆರುವವರೆಗೂ ಲೋಟವನ್ನು ಅಂಗೈಗಳ ನಡುವೆ ಹಿಡಿದು ಕೂರುತ್ತಿದ್ದಳು. ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಕೋಣೆಯ ಉದ್ದಗಲ ತಿರುಗುತ್ತಿದ್ದಳು. ಒಂದಕ್ಕೊಂದು ಉಜ್ಜಿ ಉಜ್ಜಿ ಅಂಗೈ ಸಿಪ್ಪೆ ಎದ್ದಿತು. ಇದನ್ನು ಕಂಡ ಚಿಕ್ಕಮ್ಮ ಏನೂ ಕೇಳದೆ, ಹಾಲೂಡಿಸುವ ಹೊತ್ತಿಗೆ ಬೋಗುಣಿಯಲ್ಲಿ ಬಿಸಿನೀರು ತಂದಿಟ್ಟು ಹೋಗತೊಡಗಿದರು. ಆದರೂ ಮಗು ಬೆಚ್ಚುತ್ತಿತ್ತು, ಅವಳು ಚಕ್ಕನೆ ಕೈ ತೆಗೆಯುತ್ತಿದ್ದಳು. ಬರಬರುತ್ತ ಮಗುವಿನ ಮೈಗೆ ಬೆರಳು ಸೋಕದಂತೆ ಬಟ್ಟೆಯ ಗಂಟನ್ನು ಎತ್ತುವ ಹಾಗೆ ಎತ್ತುವುದು ಅಭ್ಯಾಸವಾಯಿತು.

ಕೂತರೆ ಏಳಬೇಕೆನಿಸುತ್ತಿತ್ತು, ಎದ್ದರೆ ಏಕೆ ಎದ್ದೆ ಎಂದು ತಿಳಿಯುತ್ತಿರಲಿಲ್ಲ. ಕಿಟಕಿಯಿಂದ ತೊಟ್ಟಿಲಿಗೆ, ತೊಟ್ಟಿಲಿನಿಂದ ಬಾಗಿಲಿಗೆ ಅಲೆಯುತ್ತಿದ್ದಳು. ಒಂದು ದಿನ ತಲೆ ಬಾಚಲು ಕೂತವಳು ಬಾಚಣಿಗೆಯನ್ನು ಕೂದಲಲ್ಲೇ ಬಿಟ್ಟು ಮಧ್ಯಾಹ್ನದವರೆಗೂ ಓಡಾಡಿಕೊಂಡಿದ್ದಳು. "ಇದೇನೇ, ಹೊಸ ಫ್ಯಾಷನ್ನಾ?" ಎಂದು ಚಿಕ್ಕಮ್ಮ ಮೆಲ್ಲಗೆ ಅದನ್ನು ಬಿಡಿಸಿ ತೆಗೆದು, ತಾವೇ ಜಡೆ ಹಾಕಿದರು.

"ನಿನ್ನ ಕೈ ಕೊಡು ಇಲ್ಲಿ" ಎಂದು ಜಡೆ ಮುಗಿದ ಮೇಲೆ ಅವಳ ಅಂಗೈಯನ್ನು ತಮ್ಮ ಹಣೆಗೆ ಒತ್ತಿಕೊಂಡರು. "ಬೆಳಗಿಂದ ತಲೆ ಸಿಡೀತಿತ್ತು. ಹಾ, ಈಗ ಜೀವ ಬಂತು. ನೀನು ಮಹಡಿ ಹತ್ತಿದ ಮೇಲೆ ನನ್ನ ತಲೆನೋವಿಗೆ ದಿಕ್ಕೇ ಇಲ್ಲ."

"ನಿಮಗೆ ಹಿತ ಚಿಕ್ಕಮ್ಮ. ಅವಳಿಗೆ ಬೇಡವಲ್ಲ."

ಚಿಕ್ಕಮ್ಮ ಏನೋ ಹೇಳಲು ಹೋದರು. ಅಷ್ಟರಲ್ಲಿ ಕೆಳಗೆ ಯಾರೋ ಗಿರಾಕಿ ಕರೆದರು.

ಆ ವಾರ ಮಗುವಿನ ರೀತಿ ಬದಲಾಗತೊಡಗಿತು. ಮೊದಲು ಹಸಿದರೆ ಅತ್ತು ಮನೆ ತಲೆಕೆಳಗು ಮಾಡುತ್ತಿತ್ತು, ಈಗ ಎಬ್ಬಿಸಬೇಕಾಗುತ್ತಿತ್ತು. ಎದ್ದರೆ ಕಿರಿಕಿರಿ. ಎರಡು ಗುಟುಕು ಕುಡಿದು ಮುಖ ತಿರುಗಿಸಿಕೊಂಡು ಮತ್ತೆ ಮಂಪರಿಗೆ ಜಾರುತ್ತಿತ್ತು. ಕತ್ತಿನ ಹಿಂದಿನ ಕೂದಲು ಒದ್ದೆಯಾಗಿ ಅಂಟಿಕೊಂಡಿತ್ತು, ಗಲ್ಲದ ಕೆಳಗಿನ ಮಡಿಕೆಯಲ್ಲಿ ಸಣ್ಣ ಸಣ್ಣ ಕೆಂಪು ಗುಳ್ಳೆ ಎದ್ದಿದ್ದವು.

"ಬೆವರ್ತಿದಾಳೆ ಅತ್ತೆ."

"ಹಾಲು ಕುಡಿಯೋದು ಅಂದರೆ ಸುಮ್ಮನೆ ಆಗುತ್ತಾ? ನಮಗೆ ಹಿಟ್ಟು ನಾದಿದ ಹಾಗೆ ಅವಳಿಗೆ."

"ಮತ್ತೆ ಈ ಗುಳ್ಳೆ?"

"ಎಲ್ಲ ಮಕ್ಕಳಿಗೂ ಏಳುತ್ತೆ. ನಿನ್ನ ಗಂಡನಿಗೂ ಎದ್ದಿತ್ತು, ಏನಾದ ಈಗ? ಕಂಬದ ಹಾಗೆ ನಿಂತಿಲ್ವಾ?" ಅತ್ತೆ ಮಗುವಿನ ಕಿವಿ ಮುಟ್ಟಿ ನೋಡಿದರು. ಅವರ ಮುಖದಲ್ಲಿ ಚಿಂತೆ ಕಾಣಿಸಿತು. "ಹಾಲು ಯಾಕೆ ಕಮ್ಮಿ ಕುಡೀತಾಳೆ ಅಂದರೆ, ಚಳಿ. ಚಳಿ ಹತ್ತಿದ ಹಿಟ್ಟು ಮೇಲೇಳುತ್ತಾ? ಅಲ್ಲೇ ಮುದುರಿಕೊಂಡು ಬಿದ್ದಿರುತ್ತೆ. ಒಂದು ಕೆಲಸ ಮಾಡೋಣ. ನಾಳೆ ತೊಟ್ಟಿಲು ಕೆಳಗೆ ಇಳಿಸೋಣ. ಭಟ್ಟಿ ಪಕ್ಕ ಹಿಟ್ಟು ಉಬ್ಬಿಸೋ ಜಾಗ ಇದೆಯಲ್ಲ, ಗಾಳಿ ಸೋಕಲ್ಲ, ಒಂದೇ ಸಮ ಶಾಖ. ಹಗಲೆಲ್ಲ ನನ್ನ ಕಣ್ಣೆದುರಿಗೇ ಇರ್ತಾಳೆ. ನೀನು ಬಾಗಿಲು ಹಾಕ್ಕೊಂಡು ನಿದ್ದೆ ಮಾಡು."

"ಹಾಲು?"

"ಹಸಿದಾಗ ಕರೀತೀನಿ. ಸಾಲದೆ ಹೋದರೆ ಬಾಟಲಿ ಇದ್ದೇ ಇದೆ." ಹೀಗೆ ಹೇಳುತ್ತಲೇ ಅತ್ತೆ ಬಗ್ಗಿ, ಮಂಚದಿಂದ ಜಾರಿದ್ದ ಹೊದಿಕೆಯನ್ನು ಅವಳ ಕಾಲಿಗೆ ಹೊದಿಸಿ, ಅಂಚನ್ನು ಒಳಗೆ ಸೇರಿಸಿದರು.

ಕೋಪದಿಂದ ಹೇಳಿದ್ದರೆ ಜಗಳವಾಡಬಹುದಿತ್ತು. ಕಾಲಿಗೆ ಹೊದಿಸುತ್ತ ಹೇಳಿದವರ ಮೇಲೆ ಏನೆಂದು ತಿರುಗಿಬೀಳುವುದು?

ಸಂಜೆ ಊಟಕ್ಕೆ ಕೂತಾಗ ಗಂಡನೂ ಅದನ್ನೇ ಹೇಳಿದ.

"ಅಮ್ಮ ಹೇಳೋದೂ ಸರಿ ಅಲ್ವಾ? ನೀನು ಮಲಗಿದ್ದನ್ನ ನಾನಂತೂ ನೋಡಿಲ್ಲ."

"ನನ್ನ ಕೈಲಿ ಅಳ್ತಾಳೆ ಅಂತ ತಾನೇ?"

"ನಾನು ಹಾಗಂದೆನಾ?"

"ಅನ್ನಲಿಲ್ಲ. ಅಂದ್ಕೊಂಡಿರಿ."

"ಅಂದಿದ್ದಕ್ಕೆ ಬೈಸ್ಕೊಂಡಿದ್ದು ಸಾಲದು ಅಂತ, ಇನ್ನು ಅಂದ್ಕೊಳ್ಳದೆ ಇದ್ದಿದ್ದಕ್ಕೂ ಬೈಸ್ಕೋಬೇಕಾ ನಾನು?"

ಅವಳಿಗೆ ನಗು ಬಂತು. ಅವಳು ನಕ್ಕದ್ದನ್ನು ಅವನು ನೋಡಲಿಲ್ಲ. ಬೆಳಕು ಹರಿಯುವ ಮೊದಲೇ ಎದ್ದು ಹಿಟ್ಟು ಕಲಸಿದವನು, ಕೈಯಲ್ಲಿ ತುತ್ತು ಇರುವಾಗಲೇ ತೂಕಡಿಸುತ್ತಿದ್ದ. ಅವಳು ತಟ್ಟೆಯನ್ನು ಮೆಲ್ಲಗೆ ಅವನ ಮುಂದಿನಿಂದ ಸರಿಸಿದಳು.

ತೊಟ್ಟಿಲು ಕೆಳಗೆ ಹೋಗುತ್ತದೆ ಎಂಬುದಷ್ಟೇ ಅವಳ ಭಯವಾಗಿರಲಿಲ್ಲ. ಕೆಳಗೆ ಹೋದ ಮೇಲೆ ಮಗು ಚೇತರಿಸಿಕೊಂಡರೆ? ಆ ಬೆಚ್ಚನೆ ಕೈಗಳಲ್ಲಿ ದುಂಡಗೆ ಬೆಳೆದುಬಿಟ್ಟರೆ? ಆಗ ಬೇಡವಾಗಿದ್ದದ್ದು ತಾನೇ ಎಂದಾಗುತ್ತದೆ. ಚೇತರಿಸಿಕೊಳ್ಳದಿದ್ದರೆ? ಅದನ್ನು ಯೋಚಿಸಲಾರದೆ ಅವಳು ಎದ್ದು ಕಿಟಕಿಯ ಹತ್ತಿರ ಹೋದಳು, ಮತ್ತೆ ತೊಟ್ಟಿಲ ಹತ್ತಿರ ಬಂದಳು.

ಮರುದಿನ ಬೆಳಗಿನ ಬ್ರೆಡ್ಡೆಲ್ಲ ವ್ಯಾನಿಗೆ ಏರಿದ ಮೇಲೆ ತೊಟ್ಟಿಲು ಇಳಿಯಿತು. ಕಬ್ಬಿಣದ ಚೌಕಟ್ಟುಗಳಲ್ಲಿ ಮಧ್ಯಾಹ್ನದ ಬನ್ನುಗಳು ಒದ್ದೆ ಬಟ್ಟೆ ಹೊದ್ದು ಉಬ್ಬುತ್ತಿದ್ದವು. ಅವುಗಳ ನಡುವೆ ಜಾಗ ಮಾಡಿ ತೊಟ್ಟಿಲಿಟ್ಟರು. "ಇವಳೂ ಒಂದು ಟ್ರೇ" ಎಂದು ಯಾರೋ ಅಂದರು, ಎಲ್ಲರೂ ನಕ್ಕರು. ಮಗು ಸ್ವಲ್ಪ ಹೊತ್ತು ಅತ್ತಿತು. ಆಮೇಲೆ ಅಳು ನಿಂತಿತು.

"ನೋಡಿದ್ಯಾ? ಜಾಗ ಬದಲಾಯಿಸಿದ ತಕ್ಷಣ ಸುಮ್ಮನಾದಳು" ಎಂದರು ಅತ್ತೆ. "ಇನ್ನು ನೀನು ಹೋಗು, ಮಲಕ್ಕೋ."

ಐಸಕ್ಕ ಮೆಟ್ಟಿಲವರೆಗೆ ಹೋದಳು. ಒಂದು ಮೆಟ್ಟಿಲು ಹತ್ತಿದಳು. ನಿಂತಳು. ಮತ್ತೆ ಹಿಂದಕ್ಕೆ ಬಂದು ತೊಟ್ಟಿಲಿಗೆ ಬಗ್ಗಿದಳು.

ನಿದ್ದೆ ಹೋದ ಮಗುವಿನ ಮುಖ ಅವಳಿಗೆ ಗೊತ್ತಿತ್ತು. ಇದು ಆ ಮುಖವಲ್ಲ. ಕೆನ್ನೆ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಬಾಯಿ ಅರೆತೆರೆದು ಉಸಿರು ದಡಬಡ ಓಡುತ್ತಿತ್ತು. ಸದಾ ಬಿಗಿಯಾಗಿರುತ್ತಿದ್ದ ಮುಷ್ಟಿ ಬಿಚ್ಚಿ ಸಡಿಲವಾಗಿ ಬಿದ್ದಿತ್ತು. ಟೋಪಿಯ ಅಂಚಿನಿಂದ ಬೆವರಿನ ಒಂದು ಎಳೆ ಕಿವಿಯತ್ತ ಇಳಿಯುತ್ತಿತ್ತು. ತುಟಿಗೆ ಬೆರಳು ಸೋಕಿಸಿದಳು. ಮಗು ಬಾಯಿ ತೆರೆಯಲಿಲ್ಲ, ಬೆಚ್ಚಲೂ ಇಲ್ಲ.

ಅವಳ ಕೈ ತಣ್ಣಗಿದ್ದರೂ ಮಗು ಬೆಚ್ಚಲಿಲ್ಲ. ಇಷ್ಟು ದಿನ ಯಾವುದಕ್ಕೆ ಹೆದರಿ ಕೈ ಹಿಂದೆಳೆದುಕೊಳ್ಳುತ್ತಿದ್ದಳೋ ಅದೇ ಈಗ ನಡೆಯಲಿಲ್ಲ. ಕೈ ಸುಳ್ಳು ಹೇಳಬಹುದು, ಅವಳದೂ ಹೇಳಬಹುದು, ಅವರದೂ ಹೇಳಬಹುದು. ಬೆವರಿಗೆ ಯಾರ ಕೈಯ ಸಾಕ್ಷಿ ಬೇಕು?

ಮಗುವನ್ನು ಎತ್ತಿಕೊಂಡಳು. ಯಾರಿಗೂ ಏನೂ ಹೇಳದೆ ಚೌಕಟ್ಟುಗಳ ನಡುವೆ ನುಸುಳಿ, ಅಂಗಳ ದಾಟಿ, ಕ್ರೀಮ್ ಕೋಣೆಗೆ ಹೋಗಿ ಚಿಲಕ ಹಾಕಿದಳು.

ಅದು ಬೇಕರಿಯಲ್ಲೇ ತಂಪಾದ ಜಾಗ, ಅವಳ ಜಾಗ. ಕೇಕು ಮಾಡುವ ಕಲ್ಲಿನ ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕೂತು, ಮಗುವನ್ನು ತೊಡೆಯ ಮೇಲೆ ಮಲಗಿಸಿ ಬಿಚ್ಚತೊಡಗಿದಳು. ರಗ್ಗು ತೆಗೆದಳು, ಫ್ಲಾನೆಲ್ ತೆಗೆದಳು. ಉಣ್ಣೆಯ ಅಂಗಿಯ ಗುಂಡಿ ಬಿಚ್ಚಿದಳು. ಟೋಪಿ ತೆಗೆದಾಗ ತಲೆಯಿಂದ ಹಬೆ ಏಳುತ್ತಿರುವಂತೆ ಅನಿಸಿತು. ಒಂದು ತೆಳು ಅಂಗಿ ಮಾತ್ರ ಉಳಿಸಿ, ಒದ್ದೆಯಾದ ಬೆನ್ನ ಮೇಲೆ ಅಂಗೈ ಪೂರ್ತಿ ಹರಡಿ ಇಟ್ಟಳು.

ಮಗು ಬೆಚ್ಚಿಬಿದ್ದು, ತೋಳು ಅಗಲಿಸಿ ಕಿರುಚಿತು. ಈ ಸಲ ಅವಳು ಕೈ ತೆಗೆಯಲಿಲ್ಲ.

ಬಾಗಿಲು ಬಡಿಯಿತು. "ಏನೇ ಇದು? ತೆಗಿ ಬಾಗಿಲು" ಎಂದರು ಅತ್ತೆ. "ಆ ಕೋಣೇಲಿ ಹಸುಗೂಸನ್ನ ಇಟ್ಕೊಂಡಿದೀಯಲ್ಲ, ನಿನಗೆ ಬುದ್ಧಿ ಇದೆಯಾ?"

ಮಗು ಅಳುತ್ತಿತ್ತು. ಕೈಕಾಲು ಬಡಿದು, ದನಿ ತೆಗೆದು, ಮೊದಲ ವಾರಗಳಲ್ಲಿ ಅಳುತ್ತಿದ್ದಂತೆ ಅಳುತ್ತಿತ್ತು.

"ಅವಳು ಅಳೋದು ಕೇಳಿಸ್ತಿಲ್ವಾ ನಿನಗೆ?" ಇದು ಗಂಡನ ದನಿ.

"ಕೇಳಿಸ್ತಿದೆ. ಅಳಲಿ."

ಮನೆಗೆ ಬಂದಾಗಿನಿಂದ ಐಸಕ್ಕ ಇಂಥ ಮಾತು ಆಡಿದವಳಲ್ಲ. ಅವಳ ಕೈ ಮಗುವಿನ ಬೆನ್ನ ಮೇಲಿತ್ತು. ಅಲ್ಲಿಂದ ಕತ್ತಿಗೆ ಹೋಯಿತು, ಕತ್ತಿನಿಂದ ತಲೆಗೆ. ಕೆನ್ನೆಯ ಕೆಂಪು ನಿಧಾನವಾಗಿ ಇಳಿಯುತ್ತ ಬಂತು. ಅಳುವಿನ ನಡುವೆ ಮಗು ಮುಖವನ್ನು ಆಚೀಚೆ ತಿರುಗಿಸಿ, ಅವಳ ಎದೆಯನ್ನು ಹುಡುಕಿ ಬಾಯಿ ಹಾಕಿತು. ಅದು ಹಾಲು ಎಳೆದ ರಭಸಕ್ಕೆ ಅವಳಿಗೆ ಕಣ್ಣು ಕತ್ತಲಿಟ್ಟಿತು.

"ಯಾಕೆ ಸುಮ್ಮನಾದಳು? ಏನಾಯ್ತೇ?" ಅತ್ತೆಯ ದನಿಯಲ್ಲಿ ಗದರಿಕೆಯಿರಲಿಲ್ಲ, ನಡುಕವಿತ್ತು.

"ಹಾಲು ಕುಡೀತಿದಾಳೆ ಅತ್ತೆ."

ಬಾಗಿಲ ಆಚೆಯಿಂದ ಯಾರೂ ಕದಲಲಿಲ್ಲ. ಎರಡು ಗುಟುಕಿಗೆ ಮುಖ ತಿರುಗಿಸುತ್ತಿದ್ದ ಮಗು ಒಂದು ಬದಿ ಮುಗಿಸಿ ಇನ್ನೊಂದಕ್ಕೆ ಹೋಯಿತು. ಆಮೇಲೆ ಐಸಕ್ಕ ಎದ್ದು ಚಿಲಕ ತೆಗೆದಳು.

ಅತ್ತೆ ಎರಡೂ ಕೈ ಚಾಚಿಕೊಂಡೇ ಒಳಗೆ ಬಂದರು.

"ಕೈ ಅತ್ತೆ" ಎಂದಳು ಐಸಕ್ಕ.

ಭಟ್ಟಿಯ ಕಡೆಯವರು ಆ ಕೋಣೆಗೆ ಬಂದರೆ ಏನನ್ನೂ ಮುಟ್ಟುವ ಮೊದಲು ನಲ್ಲಿಯ ಕೆಳಗೆ ಕೈ ಹಿಡಿದು ತಣ್ಣಗೆ ಮಾಡಿಕೊಳ್ಳಬೇಕು. ಆ ಕಟ್ಟಳೆ ಮಾಡಿದವರು ಅತ್ತೆಯೇ. ತಪ್ಪಿದವರನ್ನು ಹೊರಗೆ ಅಟ್ಟಿದವರೂ ಅವರೇ. ಅವರ ಮುಖ ಬಿಗಿಯಿತು. ಗಂಡ ಅಮ್ಮನನ್ನೂ ಹೆಂಡತಿಯನ್ನೂ ನೋಡಿ, ಕೊನೆಗೆ ಗೋಡೆಯನ್ನು ನೋಡುತ್ತ ನಿಂತ. ಅತ್ತೆ ನಲ್ಲಿ ತಿರುಗಿಸಿ ಕೈ ಒಡ್ಡಿದರು. ಎಷ್ಟೋ ವರ್ಷ ಭಟ್ಟಿಯ ಬಾಯಿಯ ಮುಂದೆ ಬೆಂದ ಕೈ, ತಣ್ಣಗಾಗಲು ಹೊತ್ತು ಹಿಡಿಯಿತು. ಸೆರಗಿಗೆ ಒರೆಸಿಕೊಂಡು ಬಂದು, ಮಗುವಿನ ಕತ್ತಿನ ಹಿಂದೆ ಬೆರಳಿಟ್ಟರು.

ಇಟ್ಟ ಬೆರಳನ್ನು ಅವರು ಬಹಳ ಹೊತ್ತು ತೆಗೆಯಲಿಲ್ಲ. ಗಲ್ಲದ ಕೆಳಗಿನ ಗುಳ್ಳೆಗಳನ್ನು ನೋಡಿದರು. ಮೇಜಿನ ಮೇಲೆ ರಾಶಿ ಬಿದ್ದಿದ್ದ ಬಟ್ಟೆಯನ್ನು ನೋಡಿದರು. ತಾವೇ ಹೆಣೆದ ಟೋಪಿಯನ್ನು ಎತ್ತಿಕೊಂಡರು. ಅದು ಹಿಂಡಿದರೆ ನೀರು ಬರುವಷ್ಟು ಒದ್ದೆಯಾಗಿತ್ತು.

"ಹೀಗಿದ್ದರೆ ಹೇಳಬಾರದಿತ್ತಾ?"

"ಹೇಳಿದ್ದೆ ಅತ್ತೆ."

"ಹೂಂ" ಎಂದರು ಅತ್ತೆ. ಟೋಪಿಯನ್ನು ಮೇಜಿನ ಮೇಲಿಟ್ಟರು. "ಹೇಳಿದ್ದೆ ನೀನು."

ಆ ಸಂಜೆಯೇ ಮಗುವನ್ನು ಡಾಕ್ಟರ ಹತ್ತಿರ ಕರೆದೊಯ್ದರು. ಡಾಕ್ಟರಮ್ಮ ಎಲ್ಲ ನೋಡಿ, ಗಾಬರಿಯಿಲ್ಲ, ಶಾಖ ಜಾಸ್ತಿಯಾಗಿ ಸೊರಗಿದೆ, ನೀವು ಹಾಕಿಕೊಳ್ಳುವುದಕ್ಕಿಂತ ಒಂದು ಪದರ ಹೆಚ್ಚು ಸಾಕು, ಭಟ್ಟಿಯ ಮೇಲಿನ ಕೋಣೆ ಬೇಡ ಎಂದರು. ಬರೆಯುತ್ತ ಬರೆಯುತ್ತ ತಲೆ ಎತ್ತದೆ, "ಇಷ್ಟು ದಿನ ತಾಯಿಗೆ ಗೊತ್ತಾಗಲಿಲ್ವಾ?" ಎಂದು ಕೇಳಿದರು.

ಐಸಕ್ಕ ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದರು. "ತಾಯಿಗೆ ಗೊತ್ತಾಗಿತ್ತು ಡಾಕ್ಟ್ರೇ. ನಾವು ಭಟ್ಟಿ ಮುಂದಿನ ಜನ, ನಮ್ಮ ಕೈ ಕಾದಿರುತ್ತೆ, ಏನು ಮುಟ್ಟಿದರೂ ತಣ್ಣಗೇ ಅನ್ನಿಸುತ್ತೆ. ಅವಳು ಹೇಳಿದ್ದನ್ನ ನಾನು ಕೇಳಲಿಲ್ಲ."

ತೊಟ್ಟಿಲು ಹಿಂಬದಿಯ ಕೋಣೆಗೆ ಹೋಯಿತು. ಅತ್ತೆ ತಮ್ಮ ಹಾಸಿಗೆಯನ್ನು ಮತ್ತೆ ಹಳೆಯ ಕೋಣೆಗೆ ಸಾಗಿಸಿಕೊಂಡು, "ನನ್ನ ಮೂಳೆಗೂ ಇದೇ ವಾಸಿ" ಎಂದರು. ಮಗು ಹಸಿದಾಗ ಮತ್ತೆ ಅತ್ತು ಮನೆ ತಲೆಕೆಳಗು ಮಾಡತೊಡಗಿತು. ತಾಯಿಯ ಕೈ ಸೋಕಿದಾಗ ಈಗಲೂ ಬೆಚ್ಚುತ್ತಿತ್ತು, ಆದರೆ ಕೈ ಅಲ್ಲೇ ಉಳಿದರೆ ಸುಮ್ಮನಾಗುತ್ತಿತ್ತು.

ಈಗ ಗಂಡ ತೊಟ್ಟಿಲ ಹತ್ತಿರ ಬಂದರೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದ. "ಮುಟ್ಟಿ ನೋಡಿ ಹೇಳು, ಸರಿಯಾಗಿದಾಳಾ?" ಚಿಕ್ಕಮ್ಮ ಕೆಳಗಿನಿಂದಲೇ ಕೂಗಿ ಕೇಳುತ್ತಿದ್ದರು, "ಐಸಕ್ಕಾ, ಇವತ್ತು ಕಾಲುಚೀಲ ಬೇಕಾ ಬೇಡ್ವಾ?" ಸ್ನಾನದ ನೀರಿಗೆ ಅವಳ ಕೈ ಬೇಕು, ಕಿಟಕಿ ಎಷ್ಟು ತೆರೆಯುವುದು ಎಂಬುದಕ್ಕೆ ಅವಳ ಕೈ ಬೇಕು. ಅವಳು ಹೇಳುತ್ತಿದ್ದಳು, ಅವರು ಕೇಳುತ್ತಿದ್ದರು. ಬೇಕು ಅಂದರೆ ಬೇಕು, ಬೇಡ ಅಂದರೆ ಬೇಡ.

ತನ್ನ ಮಾತಿಗೆ ಈ ಬೆಲೆ ಸಿಕ್ಕಿದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡಿದ್ದಳು. ಸಿಕ್ಕ ಮೇಲೆ ಗೊತ್ತಾಯಿತು, ಎಲ್ಲರೂ ತನ್ನನ್ನು ಕೇಳಿದರೆ ತಾನು ಕೇಳಲು ಯಾರೂ ಉಳಿಯುವುದಿಲ್ಲ. ಅವಳ ಕೈಗೆ ತಣ್ಣೀರೂ ಟೀ ಥರವೇ ಇತ್ತು, ಅದೇನೂ ಬದಲಾಗಿರಲಿಲ್ಲ. ಕಿಟಕಿಯಿಂದ ತೊಟ್ಟಿಲಿಗೆ, ತೊಟ್ಟಿಲಿನಿಂದ ಬಾಗಿಲಿಗೆ ಅವಳು ಈಗಲೂ ಅಲೆಯುತ್ತಿದ್ದಳು.

ಒಂದು ಮಧ್ಯಾಹ್ನ ಅತ್ತೆ ಕುರ್ಚಿ ಎಳೆದುಕೊಂಡು ಕೂತು ಇದನ್ನು ನೋಡುತ್ತಿದ್ದರು.

"ಅತ್ತೆ, ಇವರು ಹುಟ್ಟಿದಾಗ ನಿಮಗೆ ಎಲ್ಲ ಹೇಗೆ ಗೊತ್ತಾಗ್ತಿತ್ತು?"

"ಯಾರಿಗೆ ಗೊತ್ತಾಗ್ತಿತ್ತು?" ಅತ್ತೆ ಮೊಣಕಾಲು ಉಜ್ಜಿಕೊಂಡರು. "ಗೊತ್ತಿರೋರ ಹಾಗೆ ಮಾತಾಡ್ತಿದ್ದೆ ಅಷ್ಟೆ. ಮಾತಾಡಿ ಮಾತಾಡಿ ಕೊನೆಗೆ ನಾನೇ ನಂಬಿಬಿಟ್ಟೆ. ಈಗ ಹೇಳು, ಹೇಗಿದಾಳೆ ನಮ್ಮ ಬನ್ನು?"

ಐಸಕ್ಕ ಬಗ್ಗಿ ಮಗುವಿನ ಕತ್ತಿನ ಹಿಂದೆ ಬೆರಳಿಟ್ಟಳು.

"ಸರಿಯಾಗಿದಾಳೆ" ಎಂದಳು.

ಅತ್ತೆ ತಲೆಯಾಡಿಸಿ ಕಣ್ಣು ಮುಚ್ಚಿದರು. ಅವರು ಮುಚ್ಚಿದ್ದನ್ನು ನೋಡಿಕೊಂಡು, ಅವಳು ಇನ್ನೊಂದು ಸಲ ಮುಟ್ಟಿ ನೋಡಿದಳು.